ಎಲ್ಲರ ಕೈಯಲ್ಲೂ ಒಂದು ಸ್ಲೇಟು: ತರಗತಿಯಲ್ಲೂ ಆನ್‌ಲೈನ್‌ನಲ್ಲೂ ವಿದ್ಯಾರ್ಥಿಗಳನ್ನು ತೊಡಗಿಸುವ ಬಗೆ

ಕರಾವಳಿಯ ಜುಲೈ ತಿಂಗಳಲ್ಲಿ ಹಂಚಿನ ಅಥವಾ ಶೀಟಿನ ಮಾಡಿನ ಕೆಳಗೆ ಪಾಠ ಮಾಡಿದವರಿಗೆಲ್ಲ ಪರಿಚಿತವಾದ ಒಂದು ಗಳಿಗೆಯಿದೆ. ಮಳೆ ಜಡಿಯತೊಡಗುತ್ತದೆ, ಶಿಕ್ಷಕರ ದನಿ ಮೂರನೆಯ ಬೆಂಚನ್ನು ದಾಟುವುದಿಲ್ಲ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಉಡುಪಿ ಜಿಲ್ಲೆಯ ಉತ್ತರ ಭಾಗದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ತೇಲುವಿಕೆಯ ಪಾಠ ಮಾಡುತ್ತಿದ್ದ ನನಗೂ ಅಂಥದೊಂದು ದಿನ ಬಂತು. ಇನ್ನು ಮಾತು ನಡೆಯದು ಎಂದಾದ ಮೇಲೆ ಕಪ್ಪುಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆದೆ: ‘ಸಣ್ಣ ಕೆರೆಯೊಂದರಲ್ಲಿ ದೋಣಿ ತೇಲುತ್ತಿದೆ. ದೋಣಿಯೊಳಗೆ ಕಬ್ಬಿಣದ ಲಂಗರು ಇದೆ. ಅದನ್ನು ಎತ್ತಿ ಕೆರೆಗೆ ಹಾಕಿದರೆ ಕೆರೆಯ ನೀರಿನ ಮಟ್ಟ ಏರುತ್ತದೆಯೇ, ಇಳಿಯುತ್ತದೆಯೇ, ಇದ್ದಷ್ಟೇ ಇರುತ್ತದೆಯೇ?’ ಮೂರು ಉತ್ತರಗಳಿಗೂ ಕ್ರಮವಾಗಿ ಸಂಖ್ಯೆ ಕೊಟ್ಟು, ತಮಗೆ ಸರಿಯೆನಿಸಿದ ಸಂಖ್ಯೆಯನ್ನು ಪುಸ್ತಕದ ಹಿಂದಿನ ಪುಟದಲ್ಲಿ ದೊಡ್ಡದಾಗಿ ಬರೆದು ಎಲ್ಲರೂ ಒಟ್ಟಿಗೆ ಎತ್ತಿ ಹಿಡಿಯುವಂತೆ ಸನ್ನೆ ಮಾಡಿದೆ.

ಎತ್ತಿ ಹಿಡಿದ ಪುಸ್ತಕಗಳನ್ನು ಕಂಡು ನನಗೆ ಗಾಬರಿಯಾಯಿತು. ಆರ್ಕಿಮಿಡೀಸನ ತತ್ತ್ವವನ್ನು ಮೂರು ಪೀರಿಯಡ್‌ಗಳಲ್ಲಿ ಹೇಳಿ ಮುಗಿಸಿದ್ದೆ. ‘ಅರ್ಥವಾಯಿತೇ’ ಎಂದು ಕೇಳಿದಾಗಲೆಲ್ಲ ‘ಆಯಿತು ಸರ್’ ಎಂಬ ಒಕ್ಕೊರಲ ಉತ್ತರ ಬಂದಿತ್ತು. ಈಗ ನೋಡಿದರೆ ಬಹುಪಾಲು ಪುಟಗಳಲ್ಲಿ ತಪ್ಪು ಸಂಖ್ಯೆ. ಗಂಗೊಳ್ಳಿ ಬಂದರಿನ ಕಡೆಯಿಂದ ಬರುವ, ದೋಣಿಯ ಜತೆಗೇ ಬೆಳೆದ ಇಬ್ಬರು ಹುಡುಗರೂ ತಪ್ಪಿದ್ದರು. ಸರಿಯುತ್ತರವನ್ನು ಸದ್ಯಕ್ಕೆ ಇಲ್ಲಿ ಹೇಳುವುದಿಲ್ಲ. ಓದುಗರೂ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡು ಮುಂದುವರಿಯಬಹುದು.

ವಿದ್ಯಾರ್ಥಿಗಳ ‘ತೊಡಗುವಿಕೆ’ ಎಂಬ ಮಾತನ್ನು ಶಿಕ್ಷಕರ ತರಬೇತಿಗಳಲ್ಲಿ ದಿನವೂ ಕೇಳುತ್ತೇವೆ, ಆದರೆ ಅದು ಎಲ್ಲಿದೆ, ಹೇಗೆ ಕಾಣುತ್ತದೆ ಎಂಬ ವಿಷಯಕ್ಕೆ ಬಂದಾಗ ನಮ್ಮ ಮಾತು ಮಸುಕಾಗುತ್ತದೆ. ಜೆನಿಫರ್ ಫ್ರೆಡ್ರಿಕ್ಸ್, ಫಿಲಿಸ್ ಬ್ಲೂಮೆನ್‌ಫೆಲ್ಡ್ ಮತ್ತು ಆಲಿಸನ್ ಪ್ಯಾರಿಸ್ ಎಂಬ ಮೂವರು ಸಂಶೋಧಕರು 2004ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಇದನ್ನು ಮೂರು ಎಳೆಗಳಾಗಿ ಬಿಡಿಸಿದರು. ಮೊದಲನೆಯದು ನಡವಳಿಕೆಯದು: ಮಗು ಹಾಜರಿದೆ, ಹೇಳಿದ ಕೆಲಸ ಮಾಡುತ್ತಿದೆ. ಎರಡನೆಯದು ಭಾವದ್ದು: ಮಗುವಿಗೆ ಇಲ್ಲಿರುವುದು ಇಷ್ಟ, ತಾನು ಇಲ್ಲಿಗೆ ಸೇರಿದವನು ಎಂಬ ನೆಮ್ಮದಿ ಇದೆ. ಮೂರನೆಯದು ಬುದ್ಧಿಯದು: ಕಷ್ಟವಾದರೂ ಬಿಡದೆ ಮನಸ್ಸು ವಿಷಯದೊಂದಿಗೆ ಗುದ್ದಾಡುತ್ತಿದೆ. ತೊಂದರೆಯೆಂದರೆ, ಬಾಗಿಲಲ್ಲಿ ನಿಂತು ನೋಡುವ ಮುಖ್ಯೋಪಾಧ್ಯಾಯರಿಗೆ ಮೊದಲನೆಯ ಎಳೆ ಮಾತ್ರ ಚೆನ್ನಾಗಿ ಕಾಣುತ್ತದೆ. ಮೂರನೆಯದು ತಲೆಯೊಳಗಿನ ವ್ಯವಹಾರವಾದ್ದರಿಂದ, ಅದನ್ನು ಹೊರಗೆ ತರುವ ಉಪಾಯವೊಂದನ್ನು ನಾವೇ ಹೂಡದ ಹೊರತು ಕಾಣಿಸುವುದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. 2025ರ ದ್ವಿತೀಯ ಪಿಯುಸಿಯಲ್ಲೂ ಎಸ್ಸೆಸ್ಸೆಲ್ಸಿಯಲ್ಲೂ ರಾಜ್ಯದ ಮೊದಲ ಎರಡು ಸ್ಥಾನಗಳನ್ನು ಉಡುಪಿ ಮತ್ತು ದಕ್ಷಿಣ ಕನ್ನಡವೇ ಹಂಚಿಕೊಂಡವು. ಇಂಥ ಫಲಿತಾಂಶ ಬರುವ ಊರಿನಲ್ಲಿ ಶಿಸ್ತಾಗಿ ಕುಳಿತು ನೋಟ್ಸ್ ಬರೆದುಕೊಳ್ಳುವ ತರಗತಿಯನ್ನು ಯಾರೂ ಅನುಮಾನಿಸುವುದಿಲ್ಲ. ಶಿಸ್ತಿನ ಬಗ್ಗೆ ನನ್ನ ತಕರಾರಿಲ್ಲ. ಗದ್ದಲದ ತರಗತಿಯೇ ಜೀವಂತ ತರಗತಿ ಎಂಬ ಮಾತನ್ನು ನಾನು ನಂಬುವುದೂ ಇಲ್ಲ. ಮೌನದಲ್ಲೂ ಗದ್ದಲದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಪ್ರತಿಯೊಂದು ಮಗುವಿನ ಮನಸ್ಸಿಗೂ ಮಾಡಲು ಒಂದು ಕೆಲಸವಿದೆಯೇ, ಅದು ನಡೆಯುತ್ತಿದೆಯೆಂದು ನನಗೆ ತಿಳಿಯುವ ದಾರಿಯಿದೆಯೇ?

ಗಮನವನ್ನು ಮೊದಲು ಸೆಳೆದು ಆಮೇಲೆ ಪಾಠ ತುಂಬಿಸಬೇಕು ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಮನಸ್ಸಿನ ರಚನೆ ಅದಕ್ಕೆ ಒಪ್ಪುವಂತಿಲ್ಲ. ಹೊಸ ಸಂಗತಿಗಳನ್ನು ತತ್ಕಾಲಕ್ಕೆ ಹಿಡಿದಿಟ್ಟು ಅವುಗಳ ಮೇಲೆ ಕೆಲಸ ಮಾಡುವ ನೆನಪಿನ ಭಾಗ ಬಹಳ ಇಕ್ಕಟ್ಟಿನದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದರ ಮಿತಿಯನ್ನು ಸುಮಾರು ಏಳು ಘಟಕಗಳೆಂದು ಹೇಳಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಶಿಕ್ಷಕರು ಎಡೆಬಿಡದೆ ಹೇಳುತ್ತ ಹೋದರೆ ಐದನೆಯ ಸಂಗತಿ ಒಳಗೆ ಬರುವಾಗ ಮೊದಲನೆಯದು ಹೊರಗೆ ಬೀಳುತ್ತದೆ, ಮತ್ತು ಎಳೆ ತಪ್ಪಿದ ಮಗು ಕಿಟಕಿಯ ಕಡೆ ನೋಡುತ್ತದೆ. ಅದನ್ನು ನಾವು ಗಮನವಿಲ್ಲದ್ದರಿಂದ ಅರ್ಥವಾಗಲಿಲ್ಲ ಎಂದು ಬಗೆಯುತ್ತೇವೆ. ಎಷ್ಟೋ ಸಲ ಅರ್ಥವಾಗದ್ದರಿಂದ ಗಮನ ಹೋಗಿರುತ್ತದೆ. ಮಕ್ಕಳ ಗಮನ ಹತ್ತೋ ಹದಿನೈದೋ ನಿಮಿಷ ನಿಂತು ಆಮೇಲೆ ಕುಸಿಯುತ್ತದೆ ಎಂಬ ಜನಪ್ರಿಯ ಲೆಕ್ಕಕ್ಕೂ ಗಟ್ಟಿ ಆಧಾರವಿಲ್ಲ. ಡಯೇನ್ ಬನ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸು ಬೇರೆಡೆ ಹೋದಾಗ ಕೈಯಲ್ಲಿರುವ ಗುಂಡಿಯೊತ್ತಿ ತಿಳಿಸುವಂತೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಗಮನ ಒಮ್ಮೆ ಕುಸಿದು ಹಾಗೆಯೇ ಉಳಿಯುವುದಿಲ್ಲ, ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಸಣ್ಣ ಸಣ್ಣ ತಪ್ಪುವಿಕೆಗಳಾಗಿ ಮತ್ತೆ ಮತ್ತೆ ಜಾರುತ್ತದೆ ಎಂದೂ, ಪ್ರಶ್ನೆಗೆ ಉತ್ತರಿಸುವಾಗ ಅಥವಾ ಪ್ರಯೋಗ ನೋಡುವಾಗ ಆ ಜಾರುವಿಕೆ ಕಡಿಮೆಯೆಂದೂ ಅದರಲ್ಲಿ ಕಂಡುಬಂತು.

ಇದನ್ನು ತಿಳಿಯಲು ಕರಾವಳಿಯವರು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು, ಅಷ್ಟೆ. ಆದರೂ ಜನ ಗಂಟೆಗಟ್ಟಲೆ ಕದಲದೆ ಕೂರುತ್ತಾರೆ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸಿ ನಿಲ್ಲಿಸಿದಾಗ, ರಾಮನ ಪಾತ್ರಧಾರಿ ಬಾಯಿ ತೆರೆಯುವ ಮೊದಲೇ ಸಭೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ತಮ್ಮೊಳಗೆ ರಾಮನ ಪರವಾಗಿ ಒಂದು ಉತ್ತರವನ್ನು ಕಟ್ಟಿಕೊಳ್ಳುತ್ತಿರುತ್ತಾರೆ. ಕೇಳುಗನಿಗೆ ಅಲ್ಲಿ ಕೆಲಸವಿದೆ, ಆದ್ದರಿಂದ ನಿದ್ದೆಯಿಲ್ಲ.

ತರಗತಿಯಲ್ಲಿ ಅಂಥ ಕೆಲಸವನ್ನು ಹುಟ್ಟಿಸುವ ಸಾಧನ ಪ್ರಶ್ನೆ. ಆದರೆ ನಾವು ಪ್ರಶ್ನೆ ಕೇಳುವ ಕ್ರಮವೇ ಆ ಕೆಲಸವನ್ನು ಕೆಡಿಸುತ್ತದೆ. ‘ಹೇಳು ನೋಡುವ’ ಎಂದು ಮೊದಲು ಒಬ್ಬರ ಹೆಸರು ಕರೆದು ಆಮೇಲೆ ಪ್ರಶ್ನೆ ಹಾಕಿದರೆ ಉಳಿದವರಿಗೆಲ್ಲ ಆ ಕ್ಷಣಕ್ಕೆ ರಜೆ. ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ ಎಂಬ ಕ್ರಮದಲ್ಲಿ ಎಲ್ಲರೂ ಯೋಚಿಸಲೇಬೇಕಾಗುತ್ತದೆ. ನಡುವಿನ ಆ ಮೌನದ ಬಗ್ಗೆ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ನಡೆಸಿದ ಕೆಲಸ ಪ್ರಸಿದ್ಧವಾಗಿದೆ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ ಎಂದು ಅವರು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ಗಳು ಕಡಿಮೆಯಾದವು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತನಾಡಿದರು. ಮೂರು ಸೆಕೆಂಡು ಕಾಗದದ ಮೇಲೆ ಏನೂ ಅಲ್ಲ. ನಲವತ್ತು ಜೊತೆ ಕಣ್ಣುಗಳ ಎದುರು ಸುಮ್ಮನೆ ನಿಂತಾಗ ಅದು ಎಷ್ಟು ಉದ್ದವೆಂದು ನಿಂತವರಿಗೇ ಗೊತ್ತು. ನಾನು ಈಗಲೂ ಬೆನ್ನ ಹಿಂದೆ ಬೆರಳು ಮಡಚಿ ಎಣಿಸುತ್ತೇನೆ, ಇಲ್ಲವಾದರೆ ಉತ್ತರ ನನ್ನ ಬಾಯಿಂದಲೇ ಉದುರಿಬಿಡುತ್ತದೆ.

ನಮ್ಮಲ್ಲಿ ಈ ಮೌನಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಮಂಗಳೂರಿನ ಒಂದು ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಉತ್ತರಕ್ಕೆ ಹೋದರೆ ಕುಂದಾಪ್ರ ಕನ್ನಡ. ಇಂಗ್ಲಿಷ್ ಮಾಧ್ಯಮದ ಶಾಲೆಯಾದರೆ ತುಳುವಿನಲ್ಲಿ ಯೋಚಿಸುವ ಮಗು ಕನ್ನಡವನ್ನು ದಾಟಿ ಇಂಗ್ಲಿಷಿಗೆ ಬರಬೇಕು. ‘ಗೊತ್ತುಜ್ಜಿ’ (ತುಳುವಿನಲ್ಲಿ ‘ಗೊತ್ತಿಲ್ಲ’) ಎಂದು ಪಕ್ಕದವಳಿಗೆ ಪಿಸುಗುಟ್ಟುವ ಹುಡುಗಿಗೆ ಗೊತ್ತಿಲ್ಲದಿರುವುದು ಎಷ್ಟೋ ಸಲ ವಿಷಯವಲ್ಲ, ಅದನ್ನು ಹೇಳುವ ಮಾತು. ಹಾಗಾಗಿ ಪ್ರಶ್ನೆ ಹಾಕಿದ ಮೇಲೆ ಒಂದು ನಿಮಿಷ ಪಕ್ಕದವರೊಂದಿಗೆ ಯಾವ ಭಾಷೆಯಲ್ಲಾದರೂ ಮಾತನಾಡಿಕೊಳ್ಳಿ, ಉತ್ತರವನ್ನು ಮಾತ್ರ ಪಾಠದ ಭಾಷೆಯಲ್ಲಿ ಹೇಳಿ ಎಂದು ಬಿಟ್ಟುಕೊಟ್ಟರೆ ಕೊನೆಯ ಬೆಂಚಿನ ದನಿಗಳು ಹೊರಬರುತ್ತವೆ. ಮನೆಮಾತು ಆಡಿದ್ದಕ್ಕೆ ದಂಡ ಹಾಕುವ ಶಾಲೆಗಳು ಭಾಷೆಯನ್ನು ಕಲಿಸುತ್ತೇವೆಂದುಕೊಂಡು ಬಾಯಿ ಮುಚ್ಚಿಸುವುದನ್ನೇ ಕಲಿಸುತ್ತಿವೆ.

ಇನ್ನು ಲಂಗರಿಗೆ ಮರಳೋಣ. ಆ ದಿನ ಅರಿವಿಲ್ಲದೆ ನಾನು ಮಾಡಿದ್ದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಒಂದು ಪದ್ಧತಿಯಾಗಿಯೇ ಬೆಳೆಸಿದ್ದಾರೆ. ಸೂತ್ರ ಹಾಕಿ ಲೆಕ್ಕ ಮಾಡಿದರೆ ಬಗೆಹರಿಯದ, ಪರಿಕಲ್ಪನೆ ತಿಳಿದಿದ್ದರೆ ಮಾತ್ರ ಬಗೆಹರಿಯುವ ಪ್ರಶ್ನೆಯೊಂದನ್ನು ಕೊಡುವುದು, ಎಲ್ಲರೂ ಒಬ್ಬೊಬ್ಬರೇ ಯೋಚಿಸಿ ಏಕಕಾಲಕ್ಕೆ ಉತ್ತರ ತೋರಿಸುವುದು, ಸರಿಯುತ್ತರದ ಪ್ರಮಾಣ ಸರಿಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು ಯತ್ನಿಸುವಂತೆ ಹೇಳಿ ಮತ್ತೆ ಉತ್ತರ ತೋರಿಸಲು ಕೇಳುವುದು. ಅದಕ್ಕಿಂತ ಕಡಿಮೆಯಿದ್ದರೆ ಚರ್ಚೆಯಿಂದ ಉಪಯೋಗವಿಲ್ಲ, ಪಾಠವನ್ನೇ ಮತ್ತೆ ಮಾಡಬೇಕು. ಹೆಚ್ಚಿದ್ದರೆ ಎರಡು ಮಾತು ವಿವರಿಸಿ ಮುಂದಕ್ಕೆ ಹೋಗಬಹುದು. ಅಲ್ಲಿ ಇದಕ್ಕೆ ಎಲೆಕ್ಟ್ರಾನಿಕ್ ಗುಂಡಿಗಳನ್ನು ಬಳಸಿದರು. ನಮ್ಮ ಅಂಗಡಿಗಳಲ್ಲಿ ಇನ್ನೂ ಸಿಗುವ ಸ್ಲೇಟು ಮತ್ತು ಬಳಪ ಅದೇ ಕೆಲಸವನ್ನು ಮಾಡುತ್ತವೆ, ಬ್ಯಾಟರಿಯೂ ಬೇಡ. ಸ್ಲೇಟಿಗೆ ಇನ್ನೊಂದು ಗುಣವಿದೆ: ತಪ್ಪನ್ನು ಅಂಗಿಯ ತೋಳಿನಿಂದ ಒರೆಸಿಬಿಡಬಹುದು. ಪುಸ್ತಕದಲ್ಲಿ ತಪ್ಪು ಬರೆಯಲು ಹೆದರುವ ಮಗು ಸ್ಲೇಟಿನಲ್ಲಿ ಧೈರ್ಯವಾಗಿ ಬರೆಯುತ್ತದೆ.

ನೀರಿನ ಮಟ್ಟ ಇಳಿಯುತ್ತದೆ. ಲಂಗರು ದೋಣಿಯೊಳಗಿರುವಾಗ ಅದರ ಭಾರವನ್ನೂ ನೀರೇ ಹೊರಬೇಕಾದ್ದರಿಂದ, ಅದರ ತೂಕಕ್ಕೆ ಸಮನಾದ ನೀರು ಪಕ್ಕಕ್ಕೆ ಸರಿದಿರುತ್ತದೆ. ಕಬ್ಬಿಣ ನೀರಿನ ಸುಮಾರು ಎಂಟು ಪಟ್ಟು ಸಾಂದ್ರವಾದದ್ದು. ಅಂದರೆ ಲಂಗರಿನ ಗಾತ್ರದ ಸುಮಾರು ಎಂಟು ಪಟ್ಟು ನೀರು. ತಳಕ್ಕೆ ಮುಳುಗಿದ ಮೇಲೆ ಲಂಗರು ತನ್ನ ಗಾತ್ರದಷ್ಟು ನೀರನ್ನು ಮಾತ್ರ ಸರಿಸುತ್ತದೆ. ಇದನ್ನು ನಾನೇ ಮೊದಲು ಹೇಳಿದ್ದರೆ ಇಡೀ ತರಗತಿ ‘ಆಯಿತು ಸರ್’ ಎನ್ನುತ್ತಿತ್ತು. ಮೊದಲು ತಾವೇ ಒಂದು ಪಕ್ಷ ಹಿಡಿದು, ಪಕ್ಕದವನೊಂದಿಗೆ ಜಗಳವಾಡಿ, ಆಮೇಲೆ ಕೇಳಿದಾಗ ಎದ್ದದ್ದು ಬೇರೆಯೇ ಸದ್ದು.

ಇಂಥ ಸಕ್ರಿಯ ಕಲಿಕೆಯ ಫಲದ ಬಗ್ಗೆ ಸಾಕಷ್ಟು ಆಧಾರವಿದೆ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾಗುವ ಸಾಧ್ಯತೆ ಒಂದೂವರೆ ಪಟ್ಟು ಇತ್ತು. ಆದರೆ ವಿದ್ಯಾರ್ಥಿಗಳು ಇದನ್ನು ಮೆಚ್ಚುತ್ತಾರೆಂದು ಭಾವಿಸಬಾರದು. ಹಾರ್ವರ್ಡ್‌ನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಕ್ರಿಯ ತರಗತಿಯಲ್ಲಿ ಕುಳಿತವರು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದೇ ಹೇಳಿದರು. ಸೊಗಸಾದ ಉಪನ್ಯಾಸ ಕೇಳುವಾಗ ಎಲ್ಲವೂ ಸಲೀಸಾಗಿ ಅರ್ಥವಾದಂತೆ ಅನಿಸುತ್ತದೆ. ತಲೆ ಕೆಡಿಸಿಕೊಳ್ಳುವಾಗ ಆ ಸುಖವಿಲ್ಲ. ‘ಸರ್ ಪಾಠವನ್ನೇ ಮಾಡುವುದಿಲ್ಲ, ನಮ್ಮಿಂದಲೇ ಮಾಡಿಸುತ್ತಾರೆ’ ಎಂಬ ದೂರು ಹೆತ್ತವರ ಸಭೆಗೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪೀರಿಯಡ್‌ನ ಮೊದಲ ಐದು ನಿಮಿಷಕ್ಕೆ ನನ್ನ ಆಯ್ಕೆ ಮೂರು ಪ್ರಶ್ನೆಗಳು: ನಿನ್ನೆಯ ಪಾಠದಿಂದ ಒಂದು, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು, ಪುಸ್ತಕ ಮುಚ್ಚಿ ಉತ್ತರಿಸಬೇಕು, ಅಂಕವಿಲ್ಲ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಒಂದು ಪಠ್ಯವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೆ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಒಂದು ವಾರದ ನಂತರ ಮುಂದಿದ್ದರು. ನೆನಪಿನಿಂದ ಎಳೆದು ತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಜತೆಗೆ, ಗಂಟೆ ಹೊಡೆದು ಒಳಗೆ ಬಂದ ಕೂಡಲೇ ಕೈಗೊಂದು ಕೆಲಸ ಸಿಕ್ಕಿದ ತರಗತಿ ತಾನಾಗಿಯೇ ಶಾಂತವಾಗುತ್ತದೆ.

ಕೈಬಿಡಬೇಕಾದ ಕೆಲವನ್ನೂ ಹೇಳಬೇಕು. ಸೌರವ್ಯೂಹದ ಪಾಠಕ್ಕೆ ನಾನೊಮ್ಮೆ ರಾತ್ರಿಯೆಲ್ಲ ಕುಳಿತು ಚಲಿಸುವ ಚಿತ್ರಗಳ, ಸದ್ದುಗಳ ಸ್ಲೈಡುಗಳನ್ನು ಮಾಡಿದ್ದೆ. ಮರುದಿನ ಮಕ್ಕಳಿಗೆ ನೆನಪಿದ್ದದ್ದು ರಾಕೆಟ್ಟಿನ ಸದ್ದು ಮಾತ್ರ. ಆಕರ್ಷಕವಾದ ಆದರೆ ವಿಷಯಕ್ಕೆ ಸಂಬಂಧಿಸದ ಅಲಂಕಾರ ಕಲಿಕೆಯನ್ನು ಕುಗ್ಗಿಸುತ್ತದೆ ಎಂಬುದನ್ನು ಶಾನನ್ ಹಾರ್ಪ್ ಮತ್ತು ರಿಚರ್ಡ್ ಮೇಯರ್ 1998ರಲ್ಲೇ ಮಿಂಚಿನ ಕುರಿತ ಪಠ್ಯವೊಂದನ್ನು ಬಳಸಿ ತೋರಿಸಿದ್ದರು. ಮಕ್ಕಳನ್ನು ‘ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು’ ಎಂದು ವಿಂಗಡಿಸಿ ಪಾಠ ಮಾಡುವುದಕ್ಕೂ ಆಧಾರ ಸಾಲದು. ಬಹುಮಾನದ ವಿಷಯದಲ್ಲಿಯೂ ಎಚ್ಚರ ಬೇಕು: 1973ರ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬರೆದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟಾಗ, ಮುಂದೆ ಅವರು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಡುವ ಮೊಬೈಲ್ ಕ್ವಿಜ್‌ಗಳ ಮೇಲೆ ನನಗೆ ಈ ಕಾರಣಕ್ಕಾಗಿಯೇ ಅಷ್ಟೇನೂ ಪ್ರೀತಿಯಿಲ್ಲ. ನಿಧಾನವಾಗಿ ಯೋಚಿಸುವ ಮಗು ಎರಡನೆಯ ಪ್ರಶ್ನೆಗೇ ಸೋತು ಕೂರುತ್ತದೆ.

ಆನ್‌ಲೈನ್ ತರಗತಿಯ ವಿಷಯ ಬಂದಾಗ ಮೊದಲ ಅಡ್ಡಿ ಬೋಧನೆಯದಲ್ಲ, ನೆಟ್‌ವರ್ಕಿನದು. ಕೋವಿಡ್ ಕಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ, ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರ 2021ರ ಜೂನ್‌ನಲ್ಲಿ ದೇಶವೆಲ್ಲ ಸುತ್ತಿತು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ಶಿಕ್ಷಕರೇ ಊರೂರಿಗೆ ಹೋಗಿ ಜಗಲಿಗಳಲ್ಲಿ ಕಲಿಸುವ ವಿದ್ಯಾಗಮ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2020ರ ಆಗಸ್ಟ್‌ನಲ್ಲಿ ಆರಂಭಿಸಿತ್ತು. ಆ ಅನುಭವದಿಂದ ನಾನು ಉಳಿಸಿಕೊಂಡ ನಿಯಮವೆಂದರೆ, ಎಲ್ಲರಿಗೂ ತಲುಪುವಷ್ಟು ಹಗುರವಾದ ರೂಪದಲ್ಲಿ ಪಾಠವನ್ನು ಮೊದಲು ಯೋಜಿಸುವುದು, ಉಳಿದ ಅಲಂಕಾರ ಆಮೇಲೆ. ಮೂರು ನಿಮಿಷದ ವಾಯ್ಸ್ ಮೆಸೇಜ್, ಪುಸ್ತಕದ ಪುಟವೊಂದರ ಫೋಟೊ, ಅದರ ಕೆಳಗೆ ಒಂದು ಪ್ರಶ್ನೆ. ಇಷ್ಟು ವಾಟ್ಸ್‌ಆ್ಯಪ್‌ನಲ್ಲಿ ಹೋದರೆ ಗುಡ್ಡ ಹತ್ತಿ ಇಳಿಸಿಕೊಂಡ ಮಗುವೂ ಮನೆಗೆ ಬಂದು ಕೆಲಸ ಮಾಡಬಹುದು.

ನೇರ ತರಗತಿಯಲ್ಲಿ ದೊಡ್ಡ ಜಗಳ ಕ್ಯಾಮೆರಾದ್ದು. ಕ್ಯಾಮೆರಾ ಹಾಕಿಸಿದರೆ ಮುಖ ಕಾಣುತ್ತದೆ, ನಿಜ. ಆದರೆ ಮುಖದಲ್ಲಿ ಕಾಣುವುದು ತೊಡಗುವಿಕೆಯ ಮೊದಲನೆಯ ಎಳೆ, ಅಂದರೆ ನಡವಳಿಕೆ, ಮಾತ್ರ. ವೀಡಿಯೊ ಸಭೆಗಳು ಏಕೆ ದಣಿಸುತ್ತವೆಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಕೊಟ್ಟಿದ್ದರು: ತೀರ ಹತ್ತಿರದಿಂದ ದಿಟ್ಟಿಸುವ ಮುಖಗಳು, ಸದಾ ಎದುರಿಗಿರುವ ತನ್ನದೇ ಪ್ರತಿಬಿಂಬ, ಕುಳಿತಲ್ಲಿಂದ ಕದಲಲಾಗದಿರುವುದು, ಮುಖದ ಸನ್ನೆಗಳನ್ನು ಓದಲು ಬೇಕಾಗುವ ಹೆಚ್ಚಿನ ಶ್ರಮ. ಇದಕ್ಕೆ ನಮ್ಮ ಕಡೆಯ ಐದನೆಯದನ್ನು ಸೇರಿಸಬಹುದು: ಒಂದೇ ಕೋಣೆಯಲ್ಲಿ ಅಡುಗೆ, ಅಜ್ಜಿಯ ಮಂಚ, ತಮ್ಮನ ಅಳು ಎಲ್ಲವೂ ಇರುವ ಮನೆಯನ್ನು ಸಹಪಾಠಿಗಳಿಗೆ ತೋರಿಸಲು ಮನಸ್ಸಾಗದಿರುವುದು. ಕ್ಯಾಮೆರಾವನ್ನು ಮುಖದ ಬದಲು ಸ್ಲೇಟಿನ ಕಡೆಗೆ ಎರಡು ನಿಮಿಷ ತಿರುಗಿಸಿ ಎಂದರೆ ಇವುಗಳಲ್ಲಿ ಬಹುಪಾಲು ಕರಗುತ್ತದೆ. ಅದೂ ಆಗದಿದ್ದರೆ ಚಾಟ್ ಇದೆ. ಎಲ್ಲರೂ ಉತ್ತರವನ್ನು ಟೈಪ್ ಮಾಡಿ ಇಟ್ಟುಕೊಳ್ಳಬೇಕು, ನಾನು ಮೂರು ಎಣಿಸಿದ ಮೇಲಷ್ಟೇ ಕಳುಹಿಸಬೇಕು ಎಂಬ ಒಂದು ಕಟ್ಟಳೆ ಸಾಕು. ಮೊದಲು ಬಂದ ಉತ್ತರವನ್ನು ನೋಡಿ ನಕಲು ಮಾಡುವ ದಾರಿ ಮುಚ್ಚುತ್ತದೆ, ನಲವತ್ತು ಉತ್ತರಗಳು ಪರದೆಯ ಮೇಲೆ ಒಮ್ಮೆಲೇ ಸುರಿಯುತ್ತವೆ.

ಮೊದಲೇ ಚಿತ್ರೀಕರಿಸಿ ಕಳುಹಿಸುವ ವೀಡಿಯೊ ಚಿಕ್ಕದಿರಬೇಕು. ಆನ್‌ಲೈನ್ ಕೋರ್ಸ್‌ಗಳ ಎಡ್‌ಎಕ್ಸ್ ತಾಣದ ಸುಮಾರು 69 ಲಕ್ಷ ವೀಕ್ಷಣೆಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ವೀಡಿಯೊ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ. ಸಿದ್ಧ ಸ್ಲೈಡುಗಳಿಗಿಂತ ಕೈಯಿಂದ ಬರೆಯುತ್ತ ವಿವರಿಸುವ ವೀಡಿಯೊಗಳನ್ನು ಅವರು ಹೆಚ್ಚು ಹೊತ್ತು ನೋಡಿದರು ಎಂಬುದು ದುಬಾರಿ ಉಪಕರಣವಿಲ್ಲದ ಶಿಕ್ಷಕರಿಗೆ ಸಿಹಿಸುದ್ದಿ. ಎರಡು ದಪ್ಪ ಪುಸ್ತಕಗಳ ನಡುವೆ ಮೊಬೈಲನ್ನು ಅಡ್ಡ ಮಲಗಿಸಿ, ಕೆಳಗೆ ಬಿಳಿ ಹಾಳೆಯಿಟ್ಟು ಬರೆದರೆ ಆಯಿತು.

ಈಗ ಕೋವಿಡ್ ಕಾಲದಂತೆ ಶಾಲೆಗಳು ಮುಚ್ಚಿಲ್ಲ, ಆದರೆ ಮಳೆ ರಜೆ ಇದೆ. ಕಳೆದ ಮಳೆಗಾಲದಲ್ಲಿ ಜಿಲ್ಲಾಡಳಿತ ರಜೆ ಘೋಷಿಸಿದ ಒಂದು ಬೆಳಿಗ್ಗೆ ಹೊಸ ಒಂಬತ್ತನೆಯ ತರಗತಿಯ ಗುಂಪಿಗೆ ಲಂಗರಿನ ಪ್ರಶ್ನೆಯನ್ನು ಕಳುಹಿಸಿ, ಉತ್ತರವನ್ನು ನಾನು ಹೇಳದೆ, ಮನೆಯಲ್ಲೇ ಮಾಡಿ ನೋಡಲು ಹೇಳಿದೆ: ಬಕೆಟ್‌ನಲ್ಲಿ ನೀರು, ಅದರ ಮೇಲೆ ತೇಲುವ ಸ್ಟೀಲ್ ಪಾತ್ರೆ, ಪಾತ್ರೆಯೊಳಗೆ ಭಾರದ ಒಂದು ವಸ್ತು, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ, ವಸ್ತುವನ್ನು ನೀರಿಗೆ ಹಾಕಿ ಗೆರೆ ನೋಡಿ, ಫೋಟೊ ಕಳುಹಿಸಿ. ಮಧ್ಯಾಹ್ನದೊಳಗೆ ಫೋಟೊಗಳು ಬಂದವು. ತೂಕದ ಕಲ್ಲು, ಕುಟ್ಟಾಣಿ, ಅಂಗಳದ ಕಲ್ಲು ಹಾಕಿದವರೆಲ್ಲರ ನೀರು ಗೆರೆಗಿಂತ ಅರ್ಧ ಸೆಂಟಿಮೀಟರಿನಷ್ಟು ಇಳಿದಿತ್ತು. ಒಬ್ಬಳು ಮಾತ್ರ ತನ್ನ ಗೆರೆ ಕದಲಲೇ ಇಲ್ಲ ಎಂದು ಬರೆದಳು. ‘ನೀನು ತಪ್ಪು ಮಾಡಿದ್ದಿ’ ಎಂದು ಗುಂಪಿನಲ್ಲಿ ಏಳೆಂಟು ಜನ ಮುಗಿಬಿದ್ದರು. ಅವಳು ಮತ್ತೆ ಮಾಡಿ, ಮತ್ತೆ ಅದೇ ಗೆರೆಯ ಫೋಟೊ ಹಾಕಿದಳು. ಎರಡನೆಯ ಫೋಟೊದ ಮೂಲೆಯಲ್ಲಿ ಅವಳು ಭಾರಕ್ಕಾಗಿ ಬಳಸಿದ ವಸ್ತು ಕಾಣುತ್ತಿತ್ತು: ಅರ್ಧ ನೀರು ತುಂಬಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಾಟಲಿ, ಬಕೆಟ್‌ನಲ್ಲಿ ತೇಲುತ್ತಿತ್ತು. ಮರುದಿನ ಶಾಲೆ ತೆರೆದಾಗ ಕಪ್ಪುಹಲಗೆಯ ಮೇಲೆ ನಾನು ಬರೆದದ್ದು ಅವಳ ಗೆರೆಯನ್ನು, ಅದರ ಕೆಳಗೆ ‘ಏಕೆ?’ ಎಂಬ ಒಂದು ಪದವನ್ನು. ಸ್ಲೇಟುಗಳು ಮೇಲೇಳಲು ಮೂರು ಸೆಕೆಂಡು ಸಾಲಲಿಲ್ಲ, ಹತ್ತಿರ ಹತ್ತಿರ ನಾಲ್ಕು ನಿಮಿಷ ಬೇಕಾಯಿತು.